ಮುದ್ದೆಯ ತೂಕ, ಮೊಬೈಲಿನ ಲೆಕ್ಕ

ಒಂದು ರಾಗಿ ಮುದ್ದೆ ಎಂದರೆ ಎಷ್ಟು? ಮಂಡ್ಯ, ಹಾಸನದ ಕಡೆ ಹೊಲದಲ್ಲಿ ಗೇಯ್ದು ಬಂದವರ ತಟ್ಟೆಗೆ ಬೀಳುವ ಮುದ್ದೆ ಬೇರೆ, ಬೆಂಗಳೂರಿನ ಹೋಟೆಲಿನಲ್ಲಿ ಸೊಪ್ಪಿನ ಸಾರಿನ ಬಟ್ಟಲ ಪಕ್ಕ ಬರುವ ಮುದ್ದೆ ಬೇರೆ. ತಕ್ಕಡಿಗೆ ಹಾಕಿದರೆ ಒಂದು ಮುನ್ನೂರು ಗ್ರಾಂ ತೂಗೀತು, ಇನ್ನೊಂದು ಅದರ ಅರ್ಧ. ಊಟದ ಲೆಕ್ಕ ಬರೆಯುವ ಆ್ಯಪ್ ತೆರೆದು ‘ರಾಗಿ ಮುದ್ದೆ’ ಎಂದು ಹುಡುಕಿ, ‘ಒಂದು’ ಎಂದು ಒತ್ತಿದರೆ ಎರಡಕ್ಕೂ ಬರುವ ಕ್ಯಾಲೊರಿ ಒಂದೇ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ, ಅಂದರೆ ಎನ್‌ಐಎನ್, 2017ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶ ಕೋಷ್ಟಕವನ್ನು ಹೊಸದಾಗಿ ಹೊರತಂದಿತು. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 67 ಗ್ರಾಂ ಪಿಷ್ಟ (ಕಾರ್ಬೊಹೈಡ್ರೇಟ್), 11 ಗ್ರಾಂ ನಾರು ಇದೆ. ಒಂದು ಪಾಲು ಹಿಟ್ಟಿಗೆ ಎರಡು ಪಾಲು ನೀರು ಎಂದುಕೊಂಡರೆ ಮುನ್ನೂರು ಗ್ರಾಂ ಮುದ್ದೆಯಲ್ಲಿ ನೂರು ಗ್ರಾಂ ಹಿಟ್ಟಿರುತ್ತದೆ, ಹೋಟೆಲಿನ ಮುದ್ದೆಯಲ್ಲಿ ಐವತ್ತು. ಒಂದರಲ್ಲಿ 67 ಗ್ರಾಂ ಪಿಷ್ಟ, ಇನ್ನೊಂದರಲ್ಲಿ 33. ಊಟವಾಗಿ ಎರಡು ಗಂಟೆ ಕಳೆದು ಬೆರಳು ಚುಚ್ಚಿಕೊಂಡಾಗ ಗ್ಲೂಕೋಮೀಟರ್ ತೋರಿಸುವುದು ಈ ವ್ಯತ್ಯಾಸವನ್ನೇ.

ರಾಗಿ ಎಷ್ಟು ತಿಂದರೂ ಶುಗರ್ ಏರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಅದೇ ಕೋಷ್ಟಕದಲ್ಲಿ ಬಿಳಿ ಅಕ್ಕಿಯ ಲೆಕ್ಕವೂ ಇದೆ: 100 ಗ್ರಾಮಿಗೆ 78 ಗ್ರಾಂ ಪಿಷ್ಟ, ನಾರು 3 ಗ್ರಾಮಿಗೂ ಕಡಿಮೆ. ನಾರಿನಲ್ಲಿ ರಾಗಿ ಬಹಳ ಮುಂದಿದೆ, ಸುಣ್ಣದಂಶದಲ್ಲಂತೂ ಅಕ್ಕಿ ಹತ್ತಿರಕ್ಕೂ ಬರುವುದಿಲ್ಲ. ಆದರೆ ಪಿಷ್ಟದಲ್ಲಿ ಎರಡಕ್ಕೂ ಅಷ್ಟೊಂದು ಅಂತರವಿಲ್ಲ. ಡಾಕ್ಟರು ಅನ್ನ ಬಿಡಿ ಅಂದರು ಎಂದು ಎರಡು ದೊಡ್ಡ ಮುದ್ದೆ ಉಂಡವರ ಶುಗರ್ ಇಳಿಯದಿದ್ದರೆ ರಾಗಿಯನ್ನು ಬೈಯಬೇಕಿಲ್ಲ, ಅಳತೆಯನ್ನು ನೋಡಬೇಕು. ಈ ಒಂದು ವಿಷಯದಲ್ಲಿ ಮೊಬೈಲ್ ಆ್ಯಪ್ ನಿಜಕ್ಕೂ ದೊಡ್ಡ ಉಪಕಾರ ಮಾಡಬಲ್ಲದು. ತಿಂದದ್ದನ್ನು ಬರೆದಿಡಬೇಕು, ಬರೆಯುವ ಮೊದಲು ಅಳೆಯಬೇಕು ಎಂಬ ಅಭ್ಯಾಸವನ್ನು ಅದು ಕಲಿಸುತ್ತದೆ. ನಾಲ್ಕು ದಿನ ಅಡುಗೆಮನೆಯಲ್ಲಿ ಸಣ್ಣ ತೂಕದ ಯಂತ್ರ ಇಟ್ಟುಕೊಂಡು ಹಿಟ್ಟು ತೂಗಿ ಮುದ್ದೆ ಕಟ್ಟಿದರೆ ಸಾಕು, ಆಮೇಲೆ ಕೈಗೇ ಅಳತೆ ಸಿಕ್ಕಿಬಿಡುತ್ತದೆ.

ಆದರೆ ಆ್ಯಪ್‌ಗೆ ನಮ್ಮ ತಟ್ಟೆ ಗೊತ್ತಿರಬೇಕು. ಅಮೆರಿಕದ ಮೈಫಿಟ್ನೆಸ್‌ಪಾಲ್ 2005ರಲ್ಲಿ ಶುರುವಾದಾಗ ಅದರೊಳಗಿದ್ದದ್ದು ಬ್ರೆಡ್ಡು, ಸಿರಿಯಲ್ಲಿನ ಲೋಕ. 2012ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಹೆಲ್ದಿಫೈಮಿಯಂಥ ಆ್ಯಪ್‌ಗಳು ಇಡ್ಲಿ, ದೋಸೆ, ಸಾಂಬಾರನ್ನು ಕ್ಯಾಲೊರಿ ಲೆಕ್ಕದೊಳಗೆ ತಂದವು. ಎನ್‌ಐಎನ್ ಕೂಡ 2019ರಲ್ಲಿ ‘ನ್ಯೂಟ್ರಿಫೈ ಇಂಡಿಯಾ ನೌ’ ಎಂಬ ಆ್ಯಪ್ ಬಿಟ್ಟಿತು. ಅದರಲ್ಲಿ ಪದಾರ್ಥಗಳನ್ನು ಭಾರತೀಯ ಭಾಷೆಗಳ ಹೆಸರಿನಲ್ಲೇ ಹುಡುಕಬಹುದು. ಇಷ್ಟೆಲ್ಲ ಆದಮೇಲೂ ಬಸ್ಸಾರು, ಉಪ್ಪುಸಾರು, ಕೊಟ್ಟೆ ಕಡುಬು, ಕಡಂಬುಟ್ಟು, ಕುಚ್ಚಲಕ್ಕಿ ಗಂಜಿ, ಎಣ್ಣೆಗಾಯಿ ಜೊತೆಗಿನ ಜೋಳದ ರೊಟ್ಟಿ ಇವಕ್ಕೆ ಭರವಸೆಯ ಅಳತೆ ಹುಡುಕುವುದು ಕಷ್ಟ. ಬಸ್ಸಾರಿಗೆ ಕಾಳು ಎಷ್ಟು, ಸೊಪ್ಪು ಎಷ್ಟು, ಒಗ್ಗರಣೆಗೆ ಎಣ್ಣೆ ಎಷ್ಟು? ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲೊರಿ ಕೂತಿರುತ್ತದೆ. ವಿಜಯಪುರದ ಕಟಕ ರೊಟ್ಟಿಗೂ ಬಿಸಿ ರೊಟ್ಟಿಗೂ ತೂಕದಲ್ಲಿ ಎಷ್ಟು ಅಂತರ?

ಇದನ್ನು ಅಳೆದು ಕೊಡಲು ನಮ್ಮಲ್ಲಿ ಜನರಿಲ್ಲವೇ? ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ಇಂಡಾಫ್ ರಾಗಿ ತಳಿಗಳನ್ನು ಕಟ್ಟಿ ಎಕರೆಗೆ ಇಳುವರಿ ಹೆಚ್ಚಿಸಿದರು. ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ, ಆಹಾರ ತಂತ್ರಜ್ಞಾನದ ಸಂಶೋಧನೆಯೇ ಅದರ ಕಸುಬು. ಹೊಲದಲ್ಲಿರುವ ರಾಗಿಯ ಬಗ್ಗೆ ಇಷ್ಟೊಂದು ತಿಳಿದಿರುವ ನಾಡು ತಟ್ಟೆಗೆ ಬಂದ ರಾಗಿಯನ್ನು ಜಿಲ್ಲೆಜಿಲ್ಲೆಗೆ ಹೋಗಿ ತೂಗಿ, ಬೇಯಿಸಿದ ಅಡುಗೆಯ ಕೋಷ್ಟಕವೊಂದನ್ನು ಕನ್ನಡದಲ್ಲಿ ಎಲ್ಲ ಆ್ಯಪ್‌ಗಳಿಗೂ ಪುಕ್ಕಟೆಯಾಗಿ ಕೊಡಬೇಕು. ಇದು ದೊಡ್ಡ ಖರ್ಚಿನ ಬಾಬತ್ತಲ್ಲ. ಆಗಲೇಬೇಕಾದ ಕೆಲಸ ಎಂದು ನಾನು ನಂಬಿದ್ದೇನೆ.

ಹಸಿರು ಬಣ್ಣ ನಂಬಬೇಡಿ

ಸಕ್ಕರೆ ಕಾಯಿಲೆಯ ಗಾತ್ರ ಗೊತ್ತಿರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಸೇರಿ ದೇಶದ ಎಲ್ಲ ರಾಜ್ಯಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಹೆಚ್ಚು. ವಯಸ್ಕರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಹೊಟ್ಟೆಯ ಬೊಜ್ಜು. ಅದೇ ತಂಡ 2025ರಲ್ಲಿ ಊಟದ ಬಗ್ಗೆ ಪ್ರಕಟಿಸಿದ ವರದಿಯಲ್ಲಿ, ನಾವು ತಿನ್ನುವ ಕ್ಯಾಲೊರಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟದಿಂದಲೇ ಬರುತ್ತದೆ ಎಂದಿದೆ. ಅನ್ನ, ಗೋಧಿ, ಸಕ್ಕರೆ, ಅಷ್ಟೆ. ಬೇಳೆಕಾಳು, ಹಾಲು-ಮೊಸರು ತಟ್ಟೆಯ ಅಂಚಿಗೆ ಸರಿದಿವೆ.

ಈ ಬೊಜ್ಜನ್ನು ಗುರುತಿಸುವಲ್ಲಿ ಆ್ಯಪ್‌ಗಳು ಎಡವುವ ಒಂದು ಜಾಗವಿದೆ. ಎತ್ತರ, ತೂಕ ತುಂಬಿದ ಕೂಡಲೇ ಬಿಎಂಐ ಎಂಬ ಅಂಕಿ ತೋರಿಸಿ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚುತ್ತವೆ. ಐದೂವರೆ ಅಡಿಗೆ ಒಂದಂಗುಲ ಕಡಿಮೆ, ಅಂದರೆ 165 ಸೆಂಟಿಮೀಟರ್ ಎತ್ತರದವರನ್ನು ತೆಗೆದುಕೊಳ್ಳಿ. ಅಂತರರಾಷ್ಟ್ರೀಯ ಗೆರೆಯಂತೆ ಬಿಎಂಐ 25ರವರೆಗೆ, ಅಂದರೆ 68 ಕಿಲೊ ತೂಕದವರೆಗೆ, ಹಸಿರು. ಭಾರತೀಯರಿಗೆ ನಮ್ಮ ವೈದ್ಯರು ಹಾಕಿರುವ ಗೆರೆಯೇ ಬೇರೆ: 23 ದಾಟಿದರೆ ತೂಕ ಹೆಚ್ಚು, 25 ಮುಟ್ಟಿದರೆ ಬೊಜ್ಜು. ಆ ಲೆಕ್ಕದಲ್ಲಿ ಇದೇ ಎತ್ತರದವರು 62-63 ಕಿಲೊಗೇ ಎಚ್ಚರಗೊಳ್ಳಬೇಕು. 67 ಕಿಲೊ ಇರುವ ಒಬ್ಬರಿಗೆ ಫೋನು ಹಸಿರು ತೋರಿಸುತ್ತಿದ್ದರೆ ಅವರು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾರೆ, ಒಳಗೆ ಕೊಬ್ಬು ತನ್ನ ಕೆಲಸ ಮಾಡುತ್ತಿರುತ್ತದೆ.

ಈ ಗೆರೆ ಏಕೆ ಬೇರೆ ಎಂಬುದಕ್ಕೆ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ತಮ್ಮನ್ನೇ ಉದಾಹರಣೆ ಮಾಡಿಕೊಂಡರು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರೂ ಬ್ರಿಟನ್ನಿನ ಜಾನ್ ಯಡ್ಕಿನ್ ಅವರೂ ಅಕ್ಕಪಕ್ಕ ನಿಂತ ಫೋಟೊ ಅಚ್ಚಾಯಿತು. ಇಬ್ಬರ ಬಿಎಂಐ ಒಂದೇ, 22.3. ಮೈಯಲ್ಲಿರುವ ಕೊಬ್ಬು ಅಳೆದಾಗ ಯಡ್ಕಿನ್ನರಿಗೆ ಶೇ 9.1, ಯಾಜ್ಞಿಕರಿಗೆ ಶೇ 21.2. ಸಣಕಲು ಕೈಕಾಲು, ಮುಂದೆ ಬಂದ ಹೊಟ್ಟೆ: ನಮ್ಮ ಊರೂರಲ್ಲೂ ಕಾಣುವ ಈ ಮೈಕಟ್ಟನ್ನು ತೂಕದ ಯಂತ್ರ ಹಿಡಿಯುವುದಿಲ್ಲ, ಟೈಲರಿನ ಟೇಪು ಹಿಡಿಯುತ್ತದೆ. ಗಂಡಸರಿಗೆ ಸೊಂಟದ ಸುತ್ತಳತೆಯ ಮಿತಿ 90 ಸೆಂಟಿಮೀಟರ್, ಹೆಂಗಸರಿಗೆ 80. ಆ್ಯಪ್‌ನಲ್ಲಿ ಸೊಂಟದಳತೆ ಬರೆಯುವ ಜಾಗವಿದ್ದರೆ ತಪ್ಪದೆ ಬರೆಯಿರಿ. ಇಲ್ಲದಿದ್ದರೆ ಕ್ಯಾಲೆಂಡರಿನ ಹಿಂದೆ ತಿಂಗಳಿಗೊಮ್ಮೆ ಬರೆದರೂ ಆಯಿತು.

ಹೆಜ್ಜೆಗಳ ವಿಷಯವೂ ಹಾಗೇ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಯನ್ನು ಯಾವ ವೈದ್ಯರೂ ಲೆಕ್ಕ ಹಾಕಿ ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು. ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನವೊಂದು 2019ರಲ್ಲಿ ಕಂಡಂತೆ 4,400 ಹೆಜ್ಜೆ ನಡೆದವರಿಗೇ ಸ್ಪಷ್ಟ ಲಾಭವಿತ್ತು, 7,500ರ ನಂತರ ಲಾಭ ಹೆಚ್ಚುತ್ತಾ ಹೋಗಲಿಲ್ಲ. ಮಂಡಿ ನೋವಿರುವ ಅಮ್ಮಂದಿರು ರಾತ್ರಿ ಹತ್ತಕ್ಕೆ ಹಾಲ್‌ನಲ್ಲಿ ಸುತ್ತು ಹೊಡೆಯುತ್ತಾ ಹತ್ತು ಸಾವಿರ ಮುಟ್ಟಿಸಬೇಕಾದ ಅಗತ್ಯ ಖಂಡಿತ ಇಲ್ಲ. ಊಟವಾದ ಮೇಲಿನ ಹದಿನೈದು ನಿಮಿಷದ ನಡಿಗೆ ಶುಗರ್ ಇಳಿಸುವಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಓದುವವರು ಯಾರು?

ಆ್ಯಪ್ ಹಾಕಿಕೊಂಡರೆ ಶುಗರ್ ಇಳಿಯುತ್ತದೆಯೇ ಎಂಬ ನೇರ ಪ್ರಶ್ನೆಗೆ ಹಲವು ಪ್ರಯೋಗಗಳು ನಡೆದಿವೆ. ಅವುಗಳ ಫಲಿತಾಂಶ ಒಂದರಂತೆ ಒಂದಿಲ್ಲ. ಆ ವ್ಯತ್ಯಾಸದಲ್ಲೇ ತಿಳಿಯಬೇಕಾದ ಸಂಗತಿ ಇದೆ.

ಅಮೆರಿಕದ ಮೇರಿಲ್ಯಾಂಡಿನಲ್ಲಿ ಟೈಪ್–2 ಮಧುಮೇಹಿಗಳಿಗೆ ಮೊಬೈಲ್ ತರಬೇತಿ ಕೊಟ್ಟು, ಅವರು ಬರೆದ ಅಂಕಿಗಳನ್ನು ವೈದ್ಯರಿಗೂ ತಲುಪಿಸಿ ಒಂದು ವರ್ಷ ನೋಡಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ಎಚ್‌ಬಿಎ1ಸಿ ಆ ಗುಂಪಿನಲ್ಲಿ 1.9 ಇಳಿಯಿತು, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 0.7. ಮಾತ್ರೆಯೊಂದು ಮಾಡುವಷ್ಟು ಕೆಲಸ ಅದು. ತಮಿಳುನಾಡು ಕಡೆಯ ಪ್ರಯೋಗ ಇನ್ನೂ ಸರಳ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಹೊಸ್ತಿಲಲ್ಲಿದ್ದ 537 ಗಂಡಸರನ್ನು ಆರಿಸಿಕೊಂಡು, ಅರ್ಧ ಜನರಿಗೆ ಬರೀ ಎಸ್‌ಎಂಎಸ್ ಕಳಿಸಿತು. ಊಟ, ನಡಿಗೆಯ ಬಗ್ಗೆ ಅವರವರ ಸ್ಥಿತಿಗೆ ತಕ್ಕ ಎರಡು ಸಾಲಿನ ನೆನಪೋಲೆ. ಎರಡು ವರ್ಷದಲ್ಲಿ ಎಸ್‌ಎಂಎಸ್ ಬಾರದವರಲ್ಲಿ ಶೇ 27 ಮಂದಿ ಮಧುಮೇಹಿಗಳಾದರು, ಬಂದವರಲ್ಲಿ ಶೇ 18. ಸ್ಮಾರ್ಟ್‌ಫೋನ್ ಕೂಡ ಬೇಕಾಗಲಿಲ್ಲ.

ಇನ್ನೊಂದು ಕಡೆ ನೋಡಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ತೂಕ ಇಳಿಸಬಯಸಿದ 471 ಯುವಕ ಯುವತಿಯರಿಗೆ ಊಟ, ವ್ಯಾಯಾಮದ ಸಲಹೆ ಕೊಟ್ಟು, ಅರ್ಧ ಜನರ ತೋಳಿಗೆ ಚಲನೆ ಅಳೆಯುವ ಯಂತ್ರ ಕಟ್ಟಿದರು. ಎರಡು ವರ್ಷದ ಕೊನೆಗೆ ಯಂತ್ರ ಕಟ್ಟಿಕೊಂಡವರು ಇಳಿಸಿದ್ದು 3.5 ಕಿಲೊ, ಇಲ್ಲದವರು 5.9 ಕಿಲೊ. ಯಂತ್ರ ಕಟ್ಟಿದರೆ ತೂಕ ತಾನಾಗಿ ಇಳಿಯುವುದಿಲ್ಲ ಎಂದು 2016ರಲ್ಲಿ ಪ್ರಕಟವಾದ ಈ ವರದಿ ಲೋಕಕ್ಕೆಲ್ಲ ತಿಳಿಸಿತು.

ನಮಗೆ ಎಲ್ಲಕ್ಕಿಂತ ಹತ್ತಿರದ್ದು ಕರ್ನಾಟಕದಲ್ಲೇ ನಡೆದ ಪ್ರಯೋಗ. ‘ಎಂವೆಲ್‌ಕೇರ್’ ಎಂದು ಅದರ ಹೆಸರು. ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ರೋಗಿಗಳಿಗೆ ದಾದಿಯರ ಮೂಲಕ ಆರೈಕೆ. ಅರ್ಧ ಕೇಂದ್ರಗಳ ದಾದಿಯರ ಕೈಯಲ್ಲಿ ಟ್ಯಾಬ್ಲೆಟ್. ಅದರಲ್ಲಿ ರೋಗಿಯ ವಿವರ ತುಂಬಿದರೆ ಯಾವ ಔಷಧ, ಯಾವ ಸಲಹೆ ಎಂದು ವೈದ್ಯರಿಗೆ ಸೂಚನೆ ಸಿದ್ಧವಾಗುತ್ತಿತ್ತು, ರೋಗಿಗೆ ಎಸ್‌ಎಂಎಸ್ ಹೋಗುತ್ತಿತ್ತು. ಇನ್ನರ್ಧ ಕೇಂದ್ರಗಳಲ್ಲಿ ಟ್ಯಾಬ್ಲೆಟ್ ಇಲ್ಲ, ಆದರೆ ಆರೈಕೆಯನ್ನು ಮೊದಲಿಗಿಂತ ಬಲಪಡಿಸಿದ್ದರು. ಒಂದು ವರ್ಷದ ಮೇಲೆ, 2019ರ ವರದಿಯಲ್ಲಿ, ಎರಡೂ ಕಡೆ ಬಿಪಿ ಮತ್ತು ಶುಗರ್ ಚೆನ್ನಾಗಿ ಇಳಿದಿತ್ತು; ಆದರೆ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಇದನ್ನು ಆ್ಯಪ್‌ನ ಸೋಲು ಎನ್ನುವವರಿದ್ದಾರೆ. ನಾನು ಓದುವುದು ಬೇರೆ ರೀತಿ: ಕಾಯಿಲೆಯವರ ಜೊತೆ ಕೂತು ಮಾತಾಡುವ ದಾದಿಯೊಬ್ಬರು ಇದ್ದಲ್ಲಿ ಕಾಗದದ ಪಟ್ಟಿಯಿಂದಲೂ ಕೆಲಸ ಆಗುತ್ತದೆ. ಅವರಿಲ್ಲದ ಕಡೆ ಎಂಥ ಆ್ಯಪ್ ಕೊಟ್ಟರೂ ಅದು ಅಂಕಿಗಳನ್ನು ಪೇರಿಸುತ್ತಾ ಹೋಗುತ್ತದೆ, ಅಷ್ಟೆ.

ಚನ್ನರಾಯಪಟ್ಟಣದ ಹತ್ತಿರ ಇರುವ ನನ್ನ ದೊಡ್ಡಮ್ಮನಿಗೆ ಬಹಳ ವರ್ಷದಿಂದ ಶುಗರ್. ಮೊಮ್ಮಗಳು ಕಾಲೇಜು ರಜೆಗೆ ಬಂದವಳು ಅಜ್ಜಿಯ ಊಟ, ಮಾತ್ರೆ, ಶುಗರ್ ಮೂರನ್ನೂ ತನ್ನ ಫೋನಿನ ಆ್ಯಪ್‌ನಲ್ಲಿ ಬರೆಯತೊಡಗಿದಳು. ಬೆಳಗಿನ ಅಂಕಿ ಪರವಾಗಿಲ್ಲ, ಮಧ್ಯಾಹ್ನದ್ದೂ ಪರವಾಗಿಲ್ಲ, ಸಂಜೆ ಏಳರ ಹೊತ್ತಿಗೆ ಮಾತ್ರ 200 ದಾಟುತ್ತಿತ್ತು. ಮಧ್ಯಾಹ್ನದ ಮುದ್ದೆ ಚಿಕ್ಕದು ಮಾಡಿದರು, ಸಂಜೆಯದು ಇಳಿಯಲಿಲ್ಲ. ಆ್ಯಪ್ ಪ್ರತಿದಿನ ಸಂಜೆ ಕೆಂಪು ಗುರುತು ಹಾಕಿ ‘ಪಿಷ್ಟ ಕಡಿಮೆ ಮಾಡಿ’ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು.

ತಾಲ್ಲೂಕಿನ ಡಾಕ್ಟರು ಆ ಫೋನು ತೆಗೆದುಕೊಂಡು ಬೆರಳಿನಲ್ಲಿ ಎರಡು ವಾರದ ಸಾಲು ಮೇಲೆ ಕೆಳಗೆ ಸರಿಸಿ ನೋಡಿದರು. ಆಮೇಲೆ ಫೋನು ಬದಿಗಿಟ್ಟು ಕೇಳಿದರು: “ಅಮ್ಮ, ಮಧ್ಯಾಹ್ನ ಮಲಗಿ ಎದ್ದ ಮೇಲೆ ಏನ್ ತಗೋತೀರಿ?”

“ಏನೂ ಇಲ್ಲ ಡಾಕ್ಟ್ರೇ. ಒಂದು ಲೋಟ ಕಾಫಿ.”

“ಸಕ್ಕರೆ?”

“ಬೆಲ್ಲ ಹಾಕ್ಕೊಂತೀನಿ, ಸಕ್ಕರೆ ಮುಟ್ಟಲ್ಲ. ಜೊತೆಗೆ ಎರಡು ಬಿಸ್ಕತ್ತು. ಪಕ್ಕದ ಮನೆಯವಳು ಬಂದ್ರೆ ಅವಳಿಗೂ ಕೊಟ್ಟು ನಾನೂ ಇನ್ನೊಂದು ಲೋಟ.”

“ಯಾಕಜ್ಜಿ ನಂಗೆ ಹೇಳಲೇ ಇಲ್ಲ?” ಅಂದಳು ಮೊಮ್ಮಗಳು. “ನೀನು ಊಟ ಏನು ಅಂತ ಕೇಳಿದ್ದೆ ಕಣವ್ವ. ಕಾಫಿ ಊಟವೇ?” ಎಂದರು ದೊಡ್ಡಮ್ಮ. ಮಾತಿನಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಡಾಕ್ಟರು ಬೈಯಲಿಲ್ಲ. ಕಾಫಿ ಬಿಡಬೇಡಿ, ಬೆಲ್ಲ ಬಿಡಿ, ಬೆಲ್ಲಕ್ಕೂ ಸಕ್ಕರೆಗೂ ರಕ್ತದಲ್ಲಿ ಹೆಚ್ಚು ಭೇದವಿಲ್ಲ, ಬಿಸ್ಕತ್ತಿನ ಬದಲು ಹುರಿಗಡಲೆ ಇಟ್ಟುಕೊಳ್ಳಿ, ಪಕ್ಕದ ಮನೆಯವರಿಗೂ ಅದನ್ನೇ ಕೊಡಿ ಅಂದರು. ಸಂಜೆಯ ಅಂಕಿ ನಿಧಾನವಾಗಿ ಕೆಳಗೆ ಬಂತು. ಆ ಹುಡುಗಿ ಎರಡು ವಾರ ಬರೆಯದೇ ಇದ್ದಿದ್ದರೆ ಸಂಜೆಯ ಏರಿಕೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯ ಪರೀಕ್ಷೆ ಒಂದನ್ನೇ ನಂಬಿ ಎಲ್ಲರೂ ಸುಮ್ಮನಿರುತ್ತಿದ್ದರು. ಡಾಕ್ಟರು ಆ ಸಾಲುಗಳನ್ನು ಓದಿ ಕೇಳದೇ ಇದ್ದಿದ್ದರೆ ಮಾತ್ರೆಯೊಂದು ಹೆಚ್ಚಾಗುತ್ತಿತ್ತು.

ತೋಳಿನ ಮೇಲಿನ ಬಿಲ್ಲೆ

ಈಗ ಬೆರಳು ಚುಚ್ಚದೆ ಶುಗರ್ ನೋಡುವ ಸಿಜಿಎಂ ಸೆನ್ಸರ್‌ಗಳ ಕಾಲ. ತೋಳಿನ ಹಿಂಭಾಗಕ್ಕೆ ಅಂಟಿಸುವ ನಾಣ್ಯದಷ್ಟು ಬಿಲ್ಲೆ, ಅದರಿಂದ ಚರ್ಮದೊಳಗೆ ಇಳಿದ ಕೂದಲೆಳೆಯಷ್ಟು ತಂತು. ಸಾಮಾನ್ಯವಾಗಿ ಹದಿನಾಲ್ಕು ದಿನ ಅದು ಹಗಲೂ ರಾತ್ರಿ ಅಳೆದು ಫೋನಿನಲ್ಲಿ ಗೆರೆ ಎಳೆಯುತ್ತದೆ. ಮೊದಲ ಸಲ ಆ ಗೆರೆ ನೋಡಿದವರು ಬೆರಗಾಗುತ್ತಾರೆ. ಬೆಳಗಿನ ಉಪ್ಪಿಟ್ಟಿಗೆ ಗೆರೆ ಗುಡ್ಡದಂತೆ ಏಳುತ್ತದೆ. ಅದೇ ಉಪ್ಪಿಟ್ಟಿನ ಅಳತೆ ಅರ್ಧ ಮಾಡಿ, ಮೊದಲು ಒಂದು ಬಟ್ಟಲು ಕೋಸಂಬರಿ ತಿಂದು ಕೂತರೆ ಏರಿಕೆ ತಗ್ಗುತ್ತದೆ. ತರಕಾರಿ, ಪ್ರೊಟೀನ್ ಮೊದಲು, ಪಿಷ್ಟ ಕೊನೆಗೆ ಎಂಬ ಕ್ರಮದಲ್ಲಿ ತಿಂದರೆ ಶುಗರ್ ಕಡಿಮೆ ಏರುತ್ತದೆ ಎಂದು ನ್ಯೂಯಾರ್ಕಿನ ವೈದ್ಯರು 2015ರಲ್ಲಿ ಸಣ್ಣ ಪ್ರಯೋಗವೊಂದರಲ್ಲಿ ತೋರಿಸಿದ್ದರು. ನಮ್ಮ ಬಾಳೆಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುವ ಪದ್ಧತಿ ಇದ್ದೇ ಇದೆ, ನಾವು ಅನ್ನ ಬರುವವರೆಗೆ ಅವನ್ನು ಮುಟ್ಟದೆ ಕಾಯುತ್ತೇವೆ.

ಸೆನ್ಸರ್‌ನ ಅಂಕಿ ರಕ್ತದ್ದಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವದ್ದು. ರಕ್ತದಲ್ಲಿ ಆದ ಬದಲಾವಣೆ ಅಲ್ಲಿ ಕಾಣಲು ಹಲವು ನಿಮಿಷ ತಡ. ರಾತ್ರಿ ಆ ತೋಳಿನ ಮೇಲೇ ಮಲಗಿದರೆ ಒತ್ತಡಕ್ಕೆ ಅಂಕಿ ಸುಳ್ಳಾಗಿ ಇಳಿದು ಅಲಾರಂ ಹೊಡೆದುಕೊಳ್ಳಬಹುದು. ಮೈ ಬೆವರಿ ನಡುಗುತ್ತಿದ್ದು ಸೆನ್ಸರ್ ಎಲ್ಲ ಸರಿಯಿದೆ ಎಂದರೆ ಬೆರಳು ಚುಚ್ಚಿ ನೋಡಲೇಬೇಕು. ಗ್ಲೂಕೋಮೀಟರಿಗೂ ತನ್ನ ಮಿತಿಯಿದೆ: ಅಂತರರಾಷ್ಟ್ರೀಯ ಗುಣಮಟ್ಟದ ಪ್ರಕಾರವೇ 100ಕ್ಕಿಂತ ಮೇಲಿನ ಅಂಕಿ ಶೇ 15ರಷ್ಟು ಆಚೀಚೆ ಇರಲು ಅವಕಾಶವಿದೆ. 180 ಎಂದು ತೋರಿದ್ದು ನಿಜಕ್ಕೂ 160 ಇರಬಹುದು, 200 ಇರಬಹುದು. ಮಾವಿನ ಹಣ್ಣು ಹೆಚ್ಚಿದ ಕೈ ತೊಳೆಯದೆ ಚುಚ್ಚಿಕೊಂಡರೆ ಅಂಕಿ ಹಾರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ತಗುಲಿ ಸ್ಟ್ರಿಪ್ ಹಾಳಾಗುತ್ತದೆ. ಒಂದು ಅಂಕಿಗೆ ಹೆದರಬೇಡಿ, ಒಂದು ಅಂಕಿಗೆ ಹಿಗ್ಗಲೂಬೇಡಿ.

ಚರ್ಮ ಚುಚ್ಚದೇ ಶುಗರ್ ತೋರಿಸುತ್ತೇವೆ ಎನ್ನುವ ವಾಚು, ಉಂಗುರಗಳ ಜಾಹೀರಾತು ಆನ್‌ಲೈನ್ ಅಂಗಡಿಗಳಲ್ಲಿ ತುಂಬಿದೆ. ಅಂಥ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ವಾಚಿನ ಅಂಕಿ ನೋಡಿ ಇನ್ಸುಲಿನ್ ಹಾಕಿಕೊಂಡರೆ ಪ್ರಾಣಕ್ಕೇ ಅಪಾಯ.

ಅಪಾಯದ ಮಾತು ಬಂದಾಗ ಹೇಳಲೇಬೇಕಾದದ್ದು ಉಪವಾಸದ ಆ್ಯಪ್‌ಗಳ ಬಗ್ಗೆ. ಹದಿನಾರು ಗಂಟೆ ಹೊಟ್ಟೆ ಖಾಲಿ ಬಿಡಿ ಎಂದು ಗಡಿಯಾರ ಓಡಿಸುವ ಇವು ತೂಕ ಇಳಿಸಲು ಕೆಲವರಿಗೆ ನೆರವಾಗುತ್ತವೆ. ಆದರೆ ನಮ್ಮಲ್ಲಿ ಅಗ್ಗವಾಗಿ ಸಿಗುವ, ಬಹಳ ಜನ ನುಂಗುವ ಗ್ಲಿಮೆಪಿರೈಡ್ ಮಾತ್ರೆಯವರು, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹಾಗೆ ಮಾಡಿದರೆ ಶುಗರ್ 70ಕ್ಕಿಂತ ಕೆಳಗೆ ಜಾರಬಹುದು. ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯವರಿಗೆ ಇನ್ನೊಂದು ತೊಂದರೆ: ಉಪವಾಸ, ಪಿಷ್ಟವೇ ಇಲ್ಲದ ಡಯಟ್ಟಿನಲ್ಲಿ ಶುಗರ್ ಹೆಚ್ಚು ಏರದೆಯೇ ರಕ್ತ ಆಮ್ಲೀಯವಾಗಿ ಆಸ್ಪತ್ರೆ ಸೇರುವ ಸ್ಥಿತಿ ಬರಬಹುದು. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಕ್ಕೂ ಇದೇ ಎಚ್ಚರಿಕೆ. ಶುಗರ್ ಲೋ ಆಯಿತು, ಎಚ್ಚರವಿದೆ ಎಂದಾದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಇದನ್ನು ಮನೆಯವರೆಲ್ಲ ಬಾಯಿಪಾಠ ಮಾಡಿಕೊಂಡಿರಬೇಕು; ಆ ಹೊತ್ತಿನಲ್ಲಿ ಆ್ಯಪ್ ತೆರೆದು ಹುಡುಕುತ್ತಾ ಕೂರುವಂತಿಲ್ಲ.

‘ಮಧುಮೇಹ ರಿವರ್ಸ್ ಮಾಡುತ್ತೇವೆ’ ಎಂಬ ಜಾಹೀರಾತುಗಳಿಗೂ ಒಂದು ಬುಡವಿದೆ. ಬ್ರಿಟನ್ನಿನ ಡಾ. ರಾಯ್ ಟೇಲರ್ ಮತ್ತು ಡಾ. ಮೈಕ್ ಲೀನ್ ನಡೆಸಿದ ‘ಡೈರೆಕ್ಟ್’ ಪ್ರಯೋಗದಲ್ಲಿ ದಿನಕ್ಕೆ 850 ಕ್ಯಾಲೊರಿಯ ಆಸುಪಾಸಿನ ಕಟ್ಟುನಿಟ್ಟಾದ ಆಹಾರದಿಂದ ಒಂದು ವರ್ಷದಲ್ಲಿ ನೂರಕ್ಕೆ 46 ಜನ ಮಾತ್ರೆಯಿಲ್ಲದೆ ಸಹಜ ಸ್ಥಿತಿಗೆ ಬಂದರು. ಎರಡನೇ ವರ್ಷಕ್ಕೆ ಅದು 36ಕ್ಕೆ ಇಳಿಯಿತು. ಅವರೆಲ್ಲ ಕಾಯಿಲೆ ಬಂದು ಆರು ವರ್ಷದೊಳಗಿನವರು, ಇನ್ಸುಲಿನ್ ಹಿಡಿಯದವರು, ಬಹಳ ತೂಕ ಇಳಿಸಿದವರು. ಇಪ್ಪತ್ತು ವರ್ಷದಿಂದ ಶುಗರ್ ಇರುವ ತೆಳ್ಳಗಿನ ಮೇಷ್ಟ್ರಿಗೆ ಅದೇ ಭರವಸೆ ಮಾರುವುದು ಅನ್ಯಾಯ. ಮೊದಲ ತಿಂಗಳಲ್ಲೇ ಮಾತ್ರೆ ನಿಲ್ಲಿಸಿ ಎನ್ನುವ ಯಾವ ಆ್ಯಪ್ ಸಲಹೆಗಾರರ ಮಾತನ್ನೂ ನಿಮ್ಮ ಡಾಕ್ಟರನ್ನು ಕೇಳದೆ ನಡೆಸಬೇಡಿ.

ಒಪ್ಪಿಗೆ ಒತ್ತುವ ಮುನ್ನ

ನಮ್ಮ ತೂಕ, ಶುಗರ್, ಮಾತ್ರೆ, ನಿದ್ದೆ ಎಲ್ಲವೂ ಕಂಪನಿಯೊಂದರ ಕಂಪ್ಯೂಟರಿಗೆ ಹೋಗುತ್ತದೆ. 2018ರಲ್ಲಿ ಮೈಫಿಟ್ನೆಸ್‌ಪಾಲ್‌ನ 15 ಕೋಟಿ ಖಾತೆಗಳ ಬಳಕೆದಾರರ ಹೆಸರು, ಇಮೇಲ್ ಮುಂತಾದ ವಿವರ ಕಳ್ಳರ ಪಾಲಾಗಿತ್ತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ, 2025ರ ನವೆಂಬರ್‌ನಲ್ಲಿ ಅದರ ನಿಯಮಗಳೂ ಪ್ರಕಟವಾದವು, ಹಂತ ಹಂತವಾಗಿ ಜಾರಿಗೆ ಬರಬೇಕಿದೆ. ಒಪ್ಪಿಗೆ ಕೇಳುವ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು ಎಂದು ಆ ಕಾಯ್ದೆಯೇ ಹೇಳುತ್ತದೆ. ಅಂದರೆ ಕನ್ನಡದಲ್ಲೂ. ಇದನ್ನು ಕನ್ನಡಿಗರು ಪಟ್ಟು ಹಿಡಿದು ಕೇಳಬೇಕು. ತನ್ನ ಕಾಯಿಲೆಯ ವಿವರ ಯಾರಿಗೆ ಹೋಗುತ್ತದೆ ಎಂಬುದು ತಿಳಿಯದ ಭಾಷೆಯಲ್ಲಿ ಒತ್ತಿದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಶುಗರ್ ಬರೆಯುವ ಆ್ಯಪ್ ನಿಮ್ಮ ಫೋನಿನ ನಂಬರುಗಳ ಪಟ್ಟಿ ಕೇಳಿದರೆ ಕೊಡಬೇಡಿ, ಅದಕ್ಕೆ ಆ ಪಟ್ಟಿಯ ಅಗತ್ಯವೇ ಇಲ್ಲ.

ದುಡ್ಡಿನ ಮಾತೂ ಇದೆ. ಸೆನ್ಸರ್, ಕೋಚ್ ಸೇರಿದ ಯೋಜನೆಗಳಿಗೆ ಸಾವಿರಾರು ರೂಪಾಯಿ ಚಂದಾ. ಅಷ್ಟು ಕೈಲಾಗದವರು ಆ ಹಣದ ಒಂದು ಸಣ್ಣ ಪಾಲಿನಲ್ಲಿ ಒಳ್ಳೆಯ ಗ್ಲೂಕೋಮೀಟರ್, ಸ್ಟ್ರಿಪ್, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಕೊಂಡು, ಪುಕ್ಕಟೆ ಆ್ಯಪ್‌ನಲ್ಲೋ ನೋಟ್‌ಬುಕ್ಕಿನಲ್ಲೋ ಬರೆದಿಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ. ದಿನವೂ ಒಂದೇ ಹೊತ್ತಿಗೆ ಚುಚ್ಚುವ ಬದಲು ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಮಧ್ಯಾಹ್ನದ ಊಟದ ಎರಡು ಗಂಟೆ ನಂತರ, ಮತ್ತೊಂದು ದಿನ ರಾತ್ರಿ ಎಂದು ಹಂಚಿಕೊಂಡರೆ ಅಷ್ಟೇ ಸ್ಟ್ರಿಪ್ಪಿನಲ್ಲಿ ಇಡೀ ದಿನದ ಚಿತ್ರ ಸಿಗುತ್ತದೆ.

ಸ್ಮಾರ್ಟ್‌ಫೋನೇ ಇಲ್ಲದ ಮನೆಗಳಿಗೂ ಈಗ ಈ ಲೆಕ್ಕ ಬರುತ್ತಿದೆ. 2024ರಲ್ಲಿ ಕೋಲಾರ ಜಿಲ್ಲೆಯಿಂದ ಶುರುವಾದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೇ ಬಂದು ಮೂವತ್ತು ದಾಟಿದವರ ಬಿಪಿ, ಶುಗರ್ ನೋಡುತ್ತಾರೆ. ಆಶಾ ಕಾರ್ಯಕರ್ತೆಯರು ಟೇಪು ಹಿಡಿದು ಸೊಂಟ ಅಳೆಯುತ್ತಾರೆ, ತಂಬಾಕು, ಮನೆತನದ ಕಾಯಿಲೆ, ನಡಿಗೆಯ ಅಭ್ಯಾಸ ಕೇಳಿ ಫಾರಂ ತುಂಬುತ್ತಾರೆ. ಕಾಯಿಲೆಯವರ ಎದುರು ಕೂತು ಕೇಳುವ ಆ ಮನುಷ್ಯರು ಇವರೇ. ಇವರ ಮೇಲೆ ಫೋನಿಗೆ ಅಂಕಿ ತುಂಬುವ ಕೆಲಸವನ್ನೇ ಹೇರಿ, ಕೂತು ಮಾತಾಡುವ ಹತ್ತು ನಿಮಿಷ ಕಸಿದುಕೊಳ್ಳಬಾರದು. ಆ ಕೆಲಸಕ್ಕೆ ತಕ್ಕ ಗೌರವಧನವನ್ನೂ ಹೊತ್ತಿಗೆ ಸರಿಯಾಗಿ ಕೊಡಬೇಕು. ಅಂಕಿ ಪೋರ್ಟಲ್‌ಗೆ ಸೇರಿದ ಮಾತ್ರಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೆಟ್‌ಫಾರ್ಮಿನ್ ತಾನಾಗಿ ಬಂದು ಕೂರುವುದಿಲ್ಲ, ಅದರ ದಾಸ್ತಾನನ್ನೂ ಯಾರಾದರೂ ನೋಡಬೇಕು. ನಿಮ್ಮ ಮನೆಗೆ ಬಂದವರು ಶುಗರ್ ನೋಡಿ ಫೋನಿಗೆ ತುಂಬಿಕೊಂಡರೆ, ಅದೇ ಅಂಕಿಯನ್ನು ತಾರೀಖು ಹಾಕಿ ಒಂದು ಚೀಟಿಯಲ್ಲೂ ಬರೆಸಿಕೊಳ್ಳಿ. ಖಾಲಿ ಹೊಟ್ಟೆಯದೋ ಊಟವಾದ ಮೇಲಿನದೋ ಎಂಬುದು ಅದರಲ್ಲಿರಲಿ, ಮುಂದೆ ಯಾವ ದಿನ ಯಾವ ಕೇಂದ್ರಕ್ಕೆ ಬರಬೇಕು ಎಂಬುದೂ ಇರಲಿ.